ಉಪ್ಪುನೀರು ಏರದ ಹೊಳೆ

ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಹಳೆಯ ಕಟ್ಟಡದಲ್ಲಿ ಎದುರು ಮನೆಯ ಫ್ರೆಂಚ್ ಮೇಡಂ ತಮ್ಮ ಊರನ್ನು ಯಾವಾಗಲೂ ಹೊಳೆ ಹರಿಯುವ ದಿಕ್ಕಿಗೆ ಮುಖ ಮಾಡಿ ಹೇಳುತ್ತಿದ್ದರು. ಹಾಗೆ ನಿಂತರೆ ಬಲಕ್ಕೆ ಸಿಗುವುದು ಬಲದಂಡೆ, ಎಡಕ್ಕೆ ಸಿಗುವುದು ಎಡದಂಡೆ. "ತಿರುಗಿ ನಿಂತರೆ ಇಗರ್ಜಿ ಹೊಳೆಯಾಚೆ ಹೋಗಿಬಿಡುತ್ತದೆ" ಎಂದು ಮೊದಲ ದಿನವೇ ನನ್ನನ್ನು ಎಚ್ಚರಿಸಿದ್ದರು.

ಅವರು ದೋಹಾದ ಒಂದು ಶಾಲೆಯಲ್ಲಿ ಬಹಳ ವರ್ಷ ಫ್ರೆಂಚ್ ಕಲಿಸಿದವರು. ನನ್ನ ಮಗಳೂ ಅವರ ವಿದ್ಯಾರ್ಥಿನಿ. ಮೇಡಂ ಮದುವೆಯಾಗಿರಲಿಲ್ಲ. ಒಲೆಯ ಮೇಲಿಟ್ಟ ಪಾತ್ರೆಯನ್ನು ಮರೆಯುವುದು, ನಮ್ಮ ಮನೆಗೆ ತಮ್ಮ ಬೀಗದಕೈ ಹಾಕಿ ತಿರುಗಿಸುವುದು ಶುರುವಾದ ಮೇಲೆ ವೈದ್ಯರು ಕಾಯಿಲೆಯ ಹೆಸರು ಹೇಳಿದರು. ಶಾಲೆಯ ವರ್ಷ ಮುಗಿದರೆ ಕೆಲಸ ಮುಗಿಯುತ್ತಿತ್ತು, ಕೆಲಸದ ಜೊತೆ ವೀಸಾ. ಅವರ ತಂಗಿಯ ಮಗಳು ಬಂದು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಊರಿಗಲ್ಲ, ಅಲ್ಲಿನ ಮನೆ ಎಂದೋ ಮಾರಿಹೋಗಿತ್ತು. ಊರಿಂದ ದೂರದ ಒಂದು ನಗರದ ವೃದ್ಧಾಶ್ರಮಕ್ಕೆ.

"ನೀವು ಪತ್ರಿಕೆಯವರು, ನನ್ನ ಊರನ್ನು ಬರೆದುಕೊಡಿ" ಎಂದು ಅವರು ಕೇಳಿದರು. "ಅಲ್ಲಿ ಯಾರಾದರೂ ನನಗೆ ಓದಿ ಹೇಳಲಿ. ಎಲ್ಲ ಹೋಗುತ್ತದೆ, ಗೊತ್ತು. ಊರು ಕೊನೆಗೆ ಹೋಗಲಿ."

ನಾನು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿ ಇತರರ ಬರಹ ತಿದ್ದುವವನು. ಫ್ರಾನ್ಸ್ ನೋಡಿದವನಲ್ಲ. ಶುಕ್ರವಾರ ಬೆಳಿಗ್ಗೆ ಅವರು ಹೇಳುವುದು, ನಾನು ಬರೆಯುವುದು ಎಂದಾಯಿತು. ಅವರ ಇಂಗ್ಲಿಷ್ ನಿಧಾನವಾಗಿತ್ತು. ನನಗೆ ಅದು ಅನುಕೂಲವೇ ಆಯಿತು.

ಊರು ಮೇಲಿನಿಂದ ಕೆಳಕ್ಕೆ ಹೀಗೆ. ಕಾಡು ತುಂಬಿದ ಗುಡ್ಡಗಳ ನಡುವಿನಿಂದ ಹೊಳೆ ಇಳಿದು ಬರುತ್ತದೆ. ಬಲದಂಡೆಯಲ್ಲಿ ಒಂದು ಕಾಲಕ್ಕೆ ದ್ರಾಕ್ಷಿ ತೋಟಗಳಿದ್ದವು. ಬೇರು ತಿನ್ನುವ ಹುಳ ಬಂದು ಅವು ನಾಶವಾದವು, ಈಗ ಬರೀ ಹುಲ್ಲು. ಆಮೇಲೆ ಕಲ್ಲಿನ ಮಾಡಿನ ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಟ್ಟೆ. ಆಮೇಲೆ ಮೂರು ಕಮಾನಿನ ಸೇತುವೆ. ಯುದ್ಧದಲ್ಲಿ ಹಿಂದಕ್ಕೆ ಹೋಗುತ್ತಿದ್ದ ಸೈನ್ಯ ನಡುವಿನ ಕಮಾನನ್ನು ಸಿಡಿಸಿತು. ಅದನ್ನು ಸಿಮೆಂಟಿನಲ್ಲಿ ಕಟ್ಟಿದ್ದರಿಂದ ಬಣ್ಣ ಇಂದಿಗೂ ಬೇರೆ. ಇಗರ್ಜಿಯ ಗೋಡೆಯಲ್ಲಿ ನೆರೆ ಏರಿದ ಎತ್ತರವನ್ನು ಗೀರಿದ್ದಾರೆ. ಅಲ್ಲಿ ನೆರೆ ಬರುವುದು ಚಳಿಗಾಲದಲ್ಲಿ. ರೈಲು ಬಂದದ್ದು ಎಡದಂಡೆಗೆ. ಅಂಗಡಿಗಳೆಲ್ಲ ಸೇತುವೆ ದಾಟಿ ಆಚೆ ಹೋದವು, ಇಗರ್ಜಿ ಮಾತ್ರ ಈಚೆ ಉಳಿಯಿತು. ಕೊನೆಗೆ ಹಿಟ್ಟಿನ ಗಿರಣಿ. ಅದರ ಕೆಳಗೆ ಹೊಳೆ ದೊಡ್ಡ ನದಿಯೊಂದಕ್ಕೆ ಸೇರುತ್ತದೆ.

ಕೆಳಗಿನ ದಿನಸಿ ಅಂಗಡಿಯ ಬ್ಯಾರಿ ಕಾಕ ಶುಕ್ರವಾರ ಅವರಿಗೆ ಹಾಲು, ಬ್ರೆಡ್ ತರುತ್ತಿದ್ದರು. ನೇತ್ರಾವತಿಗೆ ಸೇರುವ, ಕಡಲಿಗೆ ಹತ್ತಿರದ ಒಂದು ಸಣ್ಣ ಹೊಳೆಯ ದಂಡೆ ಅವರ ಊರು. ಒಂದು ದಿನ ಬಾಗಿಲ ಬಳಿಯ ಕುರ್ಚಿಯಲ್ಲಿ ಚಹಾ ಕುಡಿಯುತ್ತ ಕೇಳಿದರು: "ಮೇಡಮಿನ ಹೊಳೆಗೆ ಉಪ್ಪುನೀರು ಯಾವ ತಿಂಗಳಿಗೆ ಏರ್ತದೆ, ಸ್ವಲ್ಪ ಕೇಳಿ ಮಾರಾಯ್ರೆ."

ಪ್ರಶ್ನೆ ನನಗೂ ವಿಚಿತ್ರವೆನಿಸಲಿಲ್ಲ. ಕರಾವಳಿಯವರಿಗೆ ಹೊಳೆ ಎಂದರೆ ಬಾಲಕ್ಕೆ ಕಡಲು ಕಟ್ಟಿಕೊಂಡದ್ದು. ಬೇಸಿಗೆಯಲ್ಲಿ ಹರಿವು ಸೊರಗಿದರೆ ಕಡಲಿನ ಉಪ್ಪುನೀರು ಅದರೊಳಕ್ಕೆ ಏರಿ ಬರುತ್ತದೆ. ಇಂಗ್ಲಿಷಿಗೆ ತಿರುಗಿಸಿ ಉತ್ತರಕ್ಕೆ ಕಾದೆ. ಅರ್ಥವಾದಾಗ ಮೇಡಂ ಜೋರಾಗಿ ನಕ್ಕರು. ಅವರು ಕಡಲು ಕಂಡದ್ದೇ ದೊಡ್ಡವರಾದ ಮೇಲೆ. ಅವರ ಹೊಳೆಯ ನೀರು ಕಡಲು ಮುಟ್ಟಬೇಕಾದರೆ ಅರ್ಧ ದೇಶ ದಾಟಬೇಕು.

"ವರ್ಷವಿಡೀ ಸಿಹಿಯಾ! ಪುಣ್ಯವಂತರು. ನಾವು ಕಟ್ಟ ಹಾಕಿ ಹಾಕಿ ಸೊಂಟ ಹೋಯ್ತು" ಎಂದರು ಕಾಕ.

"ಹಾಕಿದ್ದು ನಿಮ್ಮ ಬಾಪ" ಎಂದಳು ಚಹಾ ತಂದಿದ್ದ ನನ್ನ ಹೆಂಡತಿ. "ನೀವು ದಂಡೆಯಲ್ಲಿ ಕೂತು ಅವಲಕ್ಕಿ ತಿಂದವರು."

"ತಿನ್ಲಿಕ್ಕೂ ಜನ ಬೇಕಲ್ಲ ಅಕ್ಕ!"

ಕಟ್ಟವೆಂದರೇನೆಂದು ಮೇಡಂ ಕೇಳಿದರು. ಮಳೆ ನಿಂತ ಮೇಲೆ ಊರಿನ ಗಂಡಸರೆಲ್ಲ ಹೊಳೆಗಿಳಿದು ತೆಂಗಿನ ಬೊಡ್ಡೆ ನೆಟ್ಟು, ಬಿದಿರು ಹೆಣೆದು, ಮಣ್ಣು ತುಂಬುವುದು. ಬೇಸಿಗೆಯಲ್ಲಿ ಉಪ್ಪು ಬಾವಿಗಳಿಗೆ ಬಾರದಂತೆ ತಡೆಯುವುದು. ಹೊಸ ಮಳೆಗೆ ಅದನ್ನು ಬಿಡಿಸುವುದು. ಕಾಕ ಕೈಯಾಡಿಸುತ್ತ ಹೇಳಿದರು, ನಾನು ತಿರುಗಿಸಿದೆ. ಸರಕಾರ ಹೊಳೆಯ ಕೆಳಭಾಗದಲ್ಲಿ ಉಪ್ಪು ತಡೆಯುವ ಬಾಗಿಲುಗಳ ಅಣೆಕಟ್ಟು ಕಟ್ಟಿದ ಮೇಲೆ ಅದೆಲ್ಲ ನಿಂತುಹೋಗಿತ್ತು. ಮುಂದಿನ ಶುಕ್ರವಾರಗಳಲ್ಲೂ ಮೇಡಂ ಕಟ್ಟದ ಕತೆಯನ್ನೇ ಕೇಳಿದರು. ಕಾಕನಿಗೆ ಬೇಸರವಿರಲಿಲ್ಲ. ತಮ್ಮ ಊರಿನ ಬಗ್ಗೆ ಅವರನ್ನು ಕೇಳುವವರು ಬೇರೆ ಯಾರಿದ್ದರು?

ಚಳಿ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ ಮೇಡಂ ಊರನ್ನು ಹೇಳುತ್ತ ಗಿರಣಿಯವರೆಗೆ ಬಂದರು, ಅಲ್ಲಿಗೆ ನಿಲ್ಲಲಿಲ್ಲ.

"ಗಿರಣಿಯ ಕೆಳಗೆ ಗಂಡಸರು ಕಟ್ಟ ಹಾಕುತ್ತಿದ್ದರು" ಎಂದರು. "ತೆಂಗಿನ ಬೊಡ್ಡೆ, ಬಿದಿರು, ಮಣ್ಣು. ಉಪ್ಪು ಮೇಲೆ ಬರಬಾರದಲ್ಲ. ನನ್ನ ತಂದೆ ಎದೆಮಟ್ಟ ನೀರಿನಲ್ಲಿ ನಿಂತಿದ್ದರು. ನಾನು ದಂಡೆಯಲ್ಲಿ ಅವರ ಕೋಟು ಹಿಡಿದುಕೊಂಡಿದ್ದೆ."

ಕಾಕ ಮೊದಲು ನಗಲು ಹೊರಟರು. ಮೇಡಂ ಮುಖ ನೋಡಿ ಚಹಾದ ಲೋಟ ಕೆಳಗಿಟ್ಟರು. ಮೇಡಂ ಹೇಳಿದ್ದನ್ನು ನಾನು ಹೇಳಿದಂತೆಯೇ ಬರೆದುಕೊಂಡೆ.

ಮೆಟ್ಟಿಲಿಳಿಯುವಾಗ ಕಾಕ ನನ್ನ ತೋಳು ಹಿಡಿದರು. "ಎಂತ ಮಾಡಿ ಹಾಕಿದೆ ನಾನು! ಅವರ ಊರಿಗೆ ನಮ್ಮ ಹೊಳೆ ಹೊಕ್ಕಿತಲ್ಲ."

"ಅದು ಕಾಯಿಲೆ. ನೀವಲ್ಲ."

"ಅವರತ್ರ ಇದ್ದದ್ದು ಅದೊಂದೇ ಊರು. ಖಲಾಸ್. ಇನ್ನು ನಾನು ಬಾಯಿ ಬಿಡುವುದಿಲ್ಲ."

ಮುಂದೆ ಹಾಲು, ಬ್ರೆಡ್ ಬಾಗಿಲ ಹಿಡಿಕೆಯಲ್ಲಿ ತೂಗುತ್ತಿದ್ದವು. ಕಟ್ಟದವರು ಯಾಕೆ ಬರುವುದಿಲ್ಲ ಎಂದು ಮೇಡಂ ವಿಚಾರಿಸುತ್ತಿದ್ದರು. ವ್ಯಾಪಾರ ಹೆಚ್ಚಾಗಿದೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಕೊನೆಯ ಪ್ರತಿ ತೆಗೆಯುವಾಗ ನಾನು ಕಟ್ಟದ ಭಾಗವನ್ನು ಕೈಬಿಟ್ಟೆ. ಸುಳ್ಳೆಂದು ತಿಳಿದ ಸಾಲು ಡೆಸ್ಕ್ ದಾಟುವುದಿಲ್ಲ. ತಂದೆ, ಕೋಟು ಕೂಡ ಅದರ ಜೊತೆಗೇ ಹೋದವು. ಅವೆರಡು ಯಾವ ಹೊಳೆಯವೆಂದು ತಿಳಿಯುವ ದಾರಿ ನನಗಿರಲಿಲ್ಲ.

ಜೂನಿನಲ್ಲಿ ತಂಗಿಯ ಮಗಳು ಬಂದಳು. ಹಾಳೆಗಳನ್ನು ನಾನು ಅವಳಿಗೆ ಒಪ್ಪಿಸಿದೆ. ಫ್ರೆಂಚಿಗೆ ತಿರುಗಿಸಿ ಓದುತ್ತೇನೆ ಎಂದಳು. ಟ್ಯಾಕ್ಸಿಯಲ್ಲಿ ಕೂತು, ತೆರೆದ ಬಾಗಿಲಿನ ಬಿಸಿಗಾಳಿಗೆ ಕಣ್ಣು ಕಿರಿದು ಮಾಡಿ ಮೇಡಂ ಕಾಕನನ್ನು ಕೇಳಿದರು: "ಮಳೆ ಬಂತೇ? ಕಟ್ಟ ಬಿಡಿಸಿದರೇ?" ಕಾಕ ಬಿಸ್ಕೆಟಿನ ಚೀಲವನ್ನು ಅವರ ಮಡಿಲಿಗಿಟ್ಟು, "ಸೇಫ್ ಜರ್ನಿ ಮೇಡಂ" ಎಂದರು. ಅಷ್ಟೇ. ಟ್ಯಾಕ್ಸಿ ತಿರುಗುವವರೆಗೂ ಮೇಡಂ ಅವರನ್ನೇ ನೋಡುತ್ತಿದ್ದರು.

ಮುಂದಿನ ವರ್ಷ ಮಾರ್ಚಿನಲ್ಲಿ ತಂಗಿಯ ಮಗಳ ಸಂದೇಶ ಬಂತು. ದೊಡ್ಡಮ್ಮನ ಊರನ್ನು ಅವಳು ಪ್ರತಿ ಭಾನುವಾರ ಆಶ್ರಮಕ್ಕೆ ಹೋಗಿ ಓದುತ್ತಿದ್ದಳು, ಉಳಿದ ದಿನ ಅಲ್ಲಿನ ದಾದಿಯರು. ಮೇಡಂ ಇಗರ್ಜಿಗೂ ಸೇತುವೆಗೂ ಈಗ ಏನನ್ನೂ ಹೇಳುವುದಿಲ್ಲ. ಗಿರಣಿ ಮುಗಿದ ಕೂಡಲೇ ಮಾತ್ರ ಕೈ ಎತ್ತಿ ಓದುವವರನ್ನು ತಡೆಯುತ್ತಾರೆ. ಇಲ್ಲಿ ಏನೋ ಇತ್ತು ಎನ್ನುತ್ತಾರೆ. ಏನೆಂದು ಹೇಳಲಾಗದೆ ಅಳುತ್ತಾರೆ. ನಿಮಗೆ ತಿಳಿದಿದೆಯೇ ಎಂದು ಕೇಳಿದ್ದಳು.

ಫೋನು ಹಿಡಿದು ಅಂಗಡಿಗೆ ಇಳಿದೆ. ಕಾಕ ಈರುಳ್ಳಿ ಆರಿಸುತ್ತಿದ್ದರು. ಓದಿ ಹೇಳಿದೆ. ಅವರು ಕೈಯನ್ನು ಅಂಗಿಗೆ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು.

"ಕಳಿಸಿ ಮಾರಾಯ್ರೆ. ಅಪ್ಪನನ್ನೂ ಕಳಿಸಿ, ಆ ಕೋಟನ್ನೂ. ಅವರದ್ದು ಎಲ್ಲ ಹೋಯ್ತಲ್ಲ, ನಮ್ಮದಾದ್ರೂ ಇರ್ಲಿ."

"ಅಲ್ಲಿ ಹಾಗೆ ಇರಲಿಲ್ಲ ಕಾಕ."

"ಈಗ ಎಲ್ಲಿ ಉಂಟು? ನಮ್ಮಲ್ಲಿ ಉಂಟಾ?"

ಅಲ್ಲೇ ನಿಂತು ಕಟ್ಟದ ಭಾಗವನ್ನು ಕಳುಹಿಸಿದೆ. ಗಿರಣಿಯ ನಂತರ, ಸಂಗಮಕ್ಕೆ ಮೊದಲು ಸೇರಿಸಬೇಕೆಂದು ತಿಳಿಸಿದೆ. ಭಾನುವಾರ ಸಂಜೆ ನಾನು ಅಂಗಡಿಯಲ್ಲಿದ್ದಾಗ ಉತ್ತರ ಬಂತು. ಮೇಡಂ ತಡೆಯದೆ ಕೊನೆಯವರೆಗೆ ಕೇಳಿದರಂತೆ. ಆಮೇಲೆ, ನೀರು ಸಿಹಿಯಾಗಿದೆಯೇ ಎಂದರಂತೆ. ಅದಕ್ಕೆ ಏನು ಹೇಳಲಿ ಎಂದು ಕೇಳಿದ್ದಳು.

"ಸಿಹಿ ಉಂಟು ಅಂತ ಹೇಳಲಿ" ಎಂದರು ಕಾಕ.

ಕಾಕನ ಊರಿನ ಅಣೆಕಟ್ಟಿನ ಬಾಗಿಲುಗಳನ್ನು ಆ ವರ್ಷ ಹೊತ್ತಿಗೆ ಸರಿಯಾಗಿ ಹಾಕಿರಲಿಲ್ಲ. ಬಾವಿ ಉಪ್ಪಾಗಿದೆ, ಕುಡಿಯಲು ಟ್ಯಾಂಕರ್ ತರಿಸುತ್ತಿದ್ದೇವೆ ಎಂದು ಅವರ ಹೆಂಡತಿ ಅದೇ ಮಧ್ಯಾಹ್ನ ಊರಿನಿಂದ ಫೋನು ಮಾಡಿದ್ದರು.