ತಲೆಯೊಳಗಿನ ಬಿಳಿ ಉಂಗುರ

ಮೊದಲು ಬಂದದ್ದು ವಾಸನೆ. ಒದ್ದೆ ಕೂದಲಿಗೆ ಲೋಬಾನದ ಹೊಗೆ ಹಿಡಿದಾಗ ಬರುತ್ತದಲ್ಲ, ಅದು. ಕಮಲಾಪುರದ ನಮ್ಮ ಮನೆಯಲ್ಲಿ ಅಂದು ಯಾರೂ ತಲೆ ಎರೆದುಕೊಂಡಿರಲಿಲ್ಲ. ನಾನು ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದೆ. ವಾಸನೆಯ ಬೆನ್ನಿಗೇ, ಈ ಗಳಿಗೆ ಹಿಂದೊಮ್ಮೆ ಆಗಿಹೋಗಿದೆ, ಇದೇ ಬಿಸಿಲು, ಇದೇ ಮೊರ, ಈಗ ಅವ್ವ ಒಳಗಿನಿಂದ ನನ್ನನ್ನು ಕರೆಯುತ್ತಾಳೆ ಎಂಬ ಗಟ್ಟಿ ನಂಬಿಕೆ. ಅವ್ವ ತೀರಿಕೊಂಡದ್ದು ನನ್ನ ಮದುವೆಗೂ ಮೊದಲು.

ಯಾರೂ ಕರೆಯಲಿಲ್ಲ. ಆಮೇಲೆ ಎಲ್ಲ ತಿಳಿ.

ಅದು ಮತ್ತೆ ಮತ್ತೆ ಬರತೊಡಗಿತು. ಬೇನೆ ಎಂದು ಹೇಗೆ ತಿಳಿಯಬೇಕು? ನೋವಿಲ್ಲ, ಜ್ವರವಿಲ್ಲ. ಇನ್ನೂ ಅಂಬೆಗಾಲಿಡದ ಮಗಳಿಗೆ ಹಾಲೂಡಿಸುವಾಗ ಬಂದರೆ, ಅವ್ವ ಮೊಮ್ಮಗಳನ್ನು ನೋಡಲು ಬಂದಳು ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಮಗಳನ್ನೆತ್ತಿಕೊಂಡು ಅಂಗಳಕ್ಕೆ ಇಳಿಯುವಾಗ ವಾಸನೆ ಬಂತು.

ಮುಂದಿನದು ನೆನಪಿಲ್ಲ.

ಕಣ್ಣು ತೆರೆದಾಗ ನೆಲದ ಮೇಲಿದ್ದೆ. ಬಾಯಲ್ಲಿ ರಕ್ತ, ನಾಲಿಗೆ ಕಚ್ಚಿಕೊಂಡಿದ್ದೆ. ಮಗಳು ಅತ್ತೆಯ ತೋಳಿನಲ್ಲಿ ಚೀರುತ್ತಿದ್ದಳು. ಒಣಗಲು ಹಾಕಿದ್ದ ಕೌದಿಯ ಮೇಲೆ ಬಿದ್ದಿದ್ದಳಂತೆ, ಎಲ್ಲೂ ಪೆಟ್ಟಾಗಿರಲಿಲ್ಲ. ಕೈ ಚಾಚಿದೆ. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು.

"ಬ್ಯಾಡವ್ವ. ಈಗ ಬ್ಯಾಡ."

ಮರುದಿನ ನಾವೆಲ್ಲ ಬಸ್ಸು ಹತ್ತಿ ಕಲಬುರಗಿಗೆ ಹೋದೆವು. ಮಗಳು ಅತ್ತೆಯ ತೊಡೆಯ ಮೇಲೆ. ಡಾಕ್ಟರು ಎಲ್ಲ ಕೇಳಿಕೊಂಡು, ಬಿದ್ದದ್ದು ಮಾತ್ರವಲ್ಲ, ಆ ವಾಸನೆಯೂ ಫಿಟ್ಸೇ ಎಂದರು. ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟರು. ಕಲಬುರಗಿಗೆ ಆ ಮಷೀನು ಬಂದು ಬಹಳ ದಿನವಾಗಿರಲಿಲ್ಲ. ಮೊದಲು ಅದಕ್ಕಾಗಿ ಹೈದರಾಬಾದಿಗೆ ಹೋಗಬೇಕಿತ್ತಂತೆ.

ಕೋಣೆ ತಣ್ಣಗಿತ್ತು. ಹೊರಗೆ ಸುಡುವ ಬಿಸಿಲು, ಒಳಗೆ ಮೈ ಜುಮ್ಮೆನ್ನುವ ಥಂಡಿ. ಕಿರಿದಾದ ಟೇಬಲ್ಲಿನ ಮೇಲೆ ಮಲಗಿಸಿ, ಹಣೆಗೆ ಪಟ್ಟಿ ಬಿಗಿದರು. ತಲೆಯ ಸುತ್ತ ದೊಡ್ಡ ಬಳೆಯಂಥ ಯಂತ್ರ.

"ತಲಿ ಅಲುಗಾಡಿಸಬ್ಯಾಡ್ರಿ ಅಕ್ಕಾ," ಎಂದರು ಟೆಕ್ನಿಶಿಯನ್. "ಸಾದಾ ಎಕ್ಸ್-ರೇದಾಗ ಎಲುಬು, ಮೆದುಳು ಎಲ್ಲಾ ಒಂದರ ಮ್ಯಾಲೊಂದು ಬೀಳ್ತಾವ. ಇದು ಸುತ್ತ ತಿರುಗಿ ಎಲ್ಲಾ ಕಡಿಂದ ನೋಡ್ತದ. ಕಂಪ್ಯೂಟರ್ ಅದನ್ನ ಲೆಕ್ಕ ಹಾಕಿ ಒಂದೊಂದು ಪದರ ಬ್ಯಾರೆ ಮಾಡಿ ತೋರಸ್ತದ."

"ನೋವಾಗ್ತದೇನ್ರಿ?"

"ಏನೂ ಆಗಂಗಿಲ್ಲ. ಸುಮ್ನ ಮಲಗ್ರಿ."

ಅವರು ಹೊರಗೆ ಹೋಗಿ ಬಾಗಿಲು ಮುಚ್ಚಿದರು. ಯಂತ್ರ ಗುಂಯ್ ಎಂದು ತಿರುಗಿ ನಿಂತಿತು. ಟೇಬಲ್ ಕೂದಲೆಳೆಯಷ್ಟು ಸರಿಯಿತು. ಮತ್ತೆ ಗುಂಯ್. ಪದರ ಪದರವಾಗಿ ನನ್ನ ತಲೆಯೊಳಗೆ ಯಾರೋ ಇಳಿದು ಹೋಗುತ್ತಿದ್ದಾರೆ, ನಾನು ಎಂದೂ ಕಾಣದ ನನ್ನದೇ ಕೋಣೆಗಳ ಬಾಗಿಲು ತೆರೆಯುತ್ತಿದ್ದಾರೆ ಎನಿಸಿತು. ಆಮೇಲೆ, ಚಿತ್ರ ಎದ್ದು ಕಾಣಲೆಂದು, ಕೈಯ ನರಕ್ಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಮತ್ತೊಮ್ಮೆ ಮಾಡಿದರು. ಗಂಟಲಲ್ಲಿ ಎದ್ದ ಬಿಸಿ ಮೈತುಂಬ ಇಳಿಯಿತು. ಬೆಚ್ಚನೆಯ ಹೊಳೆಯಲ್ಲಿ ತೇಲಿದಂತಿತ್ತು. ಇಲ್ಲಿ ಅವ್ವ ಸಿಕ್ಕರೆ ಈ ಯಂತ್ರಕ್ಕೂ ಕಾಣುತ್ತಾಳೆಯೇ ಎಂದು ಯೋಚಿಸಿದ್ದು ನೆನಪಿದೆ.

ಸಂಜೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಸಾಲು ಸಾಲು ಚೌಕಗಳು. ಬಿಳಿ ಎಲುಬು, ಕಪ್ಪು ನೀರು, ನಡುವೆ ಬೂದು ಮೆದುಳು. ಇಂಜೆಕ್ಷನ್ನಿನ ನಂತರದ ಚಿತ್ರದಲ್ಲಿ, ಬಲಗಿವಿಯ ನೇರಕ್ಕೆ ಒಳಗೆ, ಒಂದು ಸಣ್ಣ ಬಿಳಿ ಉಂಗುರ ಬೆಳಗುತ್ತಿತ್ತು.

"ಗಡ್ಡಿ ಏನ್ರಿ?" ಗಂಡ ಫಿಲ್ಮಿನ ಹತ್ತಿರ ಬಗ್ಗಿ ಕೇಳಿದರು.

"ಅಲ್ಲ ಅನಸ್ತದ. ಲಾಡಿಹುಳದ ತತ್ತಿ ಹೊಟ್ಟಿಯಿಂದ ರಕ್ತದಾಗ ಹೋಗಿ ಅಲ್ಲಿ ಗೂಡು ಕಟ್ಟ್ಯಾದ. ವಾಸನಿ, ನೆನಪು ನೋಡಿಕೊಳ್ಳೋ ಜಾಗ ಅದು."

"ನಾವು ಮಾಂಸ ಮುಟ್ಟೋ ಮಂದಿ ಅಲ್ರಿ!" ಅತ್ತೆ ಗಾಬರಿಯಾದರು.

"ತೊಳೀಲಾರದ ಹಸಿ ಕಾಯಿಪಲ್ಯ ತಿಂದ್ರೂ ಬರ್ತದ್ರಿ ಅಮ್ಮ. ಔಷಧಕ್ಕ ಹೋಗ್ತದ. ಆದ್ರ ಸದ್ಯ ಒಲಿ ಮುಂದ, ಬಾವಿ ಕಡಿ ಒಬ್ಬಾಕಿನ್ನ ಬಿಡಬ್ಯಾಡ್ರಿ. ಕೂಸಿನ್ನ ಎತ್ತಿಕೊಂಡು ಓಡಾಡೋದು ಬ್ಯಾಡ."

ಅಂದಿನಿಂದ ಮಗಳಿಗೆ ಹಾಲೂಡಿಸುವುದು ನೆಲದ ಮೇಲೆ ಕುಳಿತು, ಪಕ್ಕದಲ್ಲಿ ಅತ್ತೆ. ಹಾಲು ಕುಡಿದ ಕೂಡಲೇ ಮಗಳು ಅವರ ಹೆಗಲಿಗೆ. ಅವಳು ಅಂಬೆಗಾಲಿಟ್ಟಳು, ಗೋಡೆ ಹಿಡಿದು ನಿಂತಳು. ನಾನು ನೋಡುತ್ತ ಕುಳಿತಿರುತ್ತಿದ್ದೆ.

ವಾಸನೆ ಮಾತ್ರ ಮೆಲ್ಲಗೆ ದೂರವಾಯಿತು. ಸಂತೋಷಪಡಬೇಕಿತ್ತು. ಆದರೆ ಗುಳಿಗೆ ನುಂಗುವಾಗಲೆಲ್ಲ ಯಾರನ್ನೋ ಮನೆಯಿಂದ ಹೊರಗೆ ಕಳಿಸುತ್ತಿದ್ದೇನೆ ಅನಿಸುತ್ತಿತ್ತು. ಬಾಳೆತೋಟದಿಂದ ಬಂದ ಗಂಡನಿಗೆ ಒಂದು ಸಂಜೆ ಇದನ್ನು ಹೇಳುತ್ತ ಅತ್ತುಬಿಟ್ಟೆ. ಅವರು ನಗಲಿಲ್ಲ.

"ನಿಮ್ಮವ್ವನ್ನ ನಾ ನೋಡೇ ಇಲ್ಲ," ಎಂದರು. "ಹ್ಯಾಂಗಿದ್ಳು ಹೇಳು, ಕೇಳ್ತೀನಿ."

ಹೇಳಿದೆ. ದಿನವೂ ಒಂದಿಷ್ಟು. ಅವಳು ಸಿಟ್ಟಿನಲ್ಲಿ ಮರಾಠಿಗೆ ಇಳಿಯುತ್ತಿದ್ದದ್ದು, ನಾಯಿಗೆ ಹೆದರುತ್ತಿದ್ದದ್ದು. ಫಿಟ್ಸಿನಲ್ಲಿ ಬರುತ್ತಿದ್ದ ಅವ್ವ ಎಂದೂ ಸಿಟ್ಟಾದವಳಲ್ಲ, ಒಂದು ಮಾತೂ ಆಡಿದವಳಲ್ಲ.

ಹೋದ ವಾರ ಮತ್ತೆ ಸ್ಕ್ಯಾನ್ ಆಯಿತು. ಅದೇ ಥಂಡಿ, ಅದೇ ಬಿಸಿ. ಉಂಗುರ ಇರಲಿಲ್ಲ. ಅದರ ಜಾಗದಲ್ಲಿ ಒಂದು ಬಿಳಿ ಚುಕ್ಕೆ, ಮಾಯ್ದ ಗಾಯದ ಗುರುತು. ಫಿಟ್ಸ್ ಗುಳಿಗೆ ಇನ್ನೂ ಕೆಲ ಕಾಲ ಬೇಕು, ಮತ್ತೆ ಬರುವುದೇ ಇಲ್ಲ ಎಂದು ಮಾತು ಕೊಡಲಾಗದು ಎಂದರು ಡಾಕ್ಟರು. ಇಷ್ಟು ತಿಂಗಳು ಏನೂ ಆಗಿಲ್ಲವಾದ್ದರಿಂದ ಮಗುವನ್ನು ಎತ್ತಿಕೊಳ್ಳಬಹುದು ಎಂದೂ ಹೇಳಿದರು.

ಕಮಲಾಪುರದಲ್ಲಿ ಬಸ್ಸಿಳಿದಾಗ ಅತ್ತೆ ರಸ್ತೆಯಲ್ಲೇ ನಿಂತರು.

"ಹಿಡಿಯವ್ವ. ನನ್ನ ಕೈ ಸೋತಾವ."

ಅವರ ಕೈ ಸೋತದ್ದನ್ನು ನಾನು ಎಂದೂ ಕಂಡವಳಲ್ಲ. ಮಗಳನ್ನು ತೆಗೆದುಕೊಂಡೆ. ಎಷ್ಟು ಭಾರವಾಗಿದ್ದಾಳೆ! ತೋಳು ನೋಯುತ್ತಿತ್ತು. ಮನೆ ಮುಟ್ಟುವವರೆಗೂ ಯಾರಿಗೂ ಕೊಡಲಿಲ್ಲ.