ಸಡಿಲಣ್ಣನ ಬಿಗಿ ಅಂಗಿ

ನಮ್ಮನೆಯವರನ್ನು ನಾನು ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿ ಟೇಪು ಇತ್ತು. ಅಪ್ಪನ ಟೈಲರ್ ಅಂಗಡಿಯಲ್ಲಿ ಅಳತೆ ತೆಗೆಯುವ ಕೆಲಸ ನನ್ನದು. ಕೇಬಲ್ ಕಾರ್ಖಾನೆಗೆ ಹೊಸದಾಗಿ ಸೇರಿದ್ದ ಒಬ್ಬ ಸಣಕಲು ಯುವಕ ಅಂಗಿ ಹೊಲಿಸಲು ಬಂದ. ಎದೆಯ ಸುತ್ತ ಟೇಪು ಹಾಕಿದರೆ ಉಸಿರು ಎಳೆದುಕೊಂಡು ಎದೆ ಉಬ್ಬಿಸಿ ನಿಂತ.

"ಉಸಿರು ಬಿಡಿ" ಅಂದೆ.

"ಪರವಾಗಿಲ್ಲ, ಹೀಗೇ ಬರ್ಕೊಳ್ಳಿ. ಸ್ವಲ್ಪ ಸಡಿಲ ಇರ್ಲಿ" ಅಂದ.

ಎಷ್ಟು ಹೊತ್ತು ಅಂತ ಉಸಿರು ಕಟ್ಟಿಯಾನು? ಬಿಟ್ಟ ಮೇಲಿನ ಅಳತೆಯನ್ನೇ ಬರೆದುಕೊಂಡೆ. ಅಂಗಿ ತೊಟ್ಟು ನೋಡಿ ಮುಖ ಸಣ್ಣ ಮಾಡಿಕೊಂಡ, ಆದರೆ ಇನ್ನೊಂದಕ್ಕೆ ಬಟ್ಟೆ ಕೊಟ್ಟು ಹೋದ. ಅದೂ ಮೈಗೆ ಸರಿಯಾಗಿ ಕೂತಿತು. ಮತ್ತೆ ಬಂದ, ಮತ್ತೆ ಮತ್ತೆ ಬಂದ. ಅಂಗಿ ಕೊನೆಗೂ ಸಡಿಲವಾಗಲಿಲ್ಲ, ನಮ್ಮಿಬ್ಬರ ಮದುವೆಯಾಯಿತು. ಗಂಡನಾದ ಮೇಲೆ ಬಹುವಚನ ಕೊಡಬೇಕಲ್ಲ, ಅಂದಿನಿಂದ ಕೊಡುತ್ತಿದ್ದೇನೆ.

ಮದುವೆಯಾದ ಮೇಲೆ ಹಠ ಹಿಡಿದು ಗೆದ್ದದ್ದು ಅವರೇ. ಅವರ ಅಂಗಿಗಳನ್ನೆಲ್ಲ ಒಂದು ಅಳತೆ ದೊಡ್ಡದಾಗಿಯೇ ಹೊಲಿಯುತ್ತ ಬಂದೆ. ನಮ್ಮ ಬೀದಿಯಲ್ಲಿ ಅರ್ಧ ಜನ ನಾನು ಹೊಲಿದದ್ದನ್ನು ತೊಟ್ಟು ನೆಟ್ಟಗೆ ಓಡಾಡುತ್ತಾರೆ. ನನ್ನ ಗಂಡ ಮಾತ್ರ ಅಣ್ಣನ ಅಂಗಿ ಕೇಳಿ ಹಾಕಿಕೊಂಡ ತಮ್ಮನ ಹಾಗೆ ಕಾಣುತ್ತಾರೆ. ಆ ಮೊದಲನೆಯ ಅಂಗಿಯನ್ನು ಒಂದೇ ಸಲ ತೊಟ್ಟು ಮಡಿಸಿಟ್ಟವರು ಪೆಟ್ಟಿಗೆಯ ತಳದಲ್ಲಿ ಈಗಲೂ ಜೋಪಾನ ಮಾಡಿದ್ದಾರೆ. ಬಿಗಿ ಅಂತ ಬೈದುಕೊಂಡೇ ಜೋಪಾನ ಮಾಡಿದ್ದಾರೆ.

ಅಂಗಿಯದೊಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಬಟ್ಟೆ ಒಣಹಾಕುವ ಹಗ್ಗ ಅವರು ಕಟ್ಟಿದರೆ ಒದ್ದೆ ಸೀರೆಯ ಸೆರಗು ನೆಲ ಗುಡಿಸುತ್ತದೆ. ಬಸ್ಸು ಹೊರಡುವ ಹೊತ್ತಿಗಿಂತ ಎಷ್ಟೋ ಮೊದಲು ನಿಲ್ದಾಣಕ್ಕೆ ಎಳೆದುಕೊಂಡು ಹೋಗಿ, ಹಿಂದಿನ ಬಸ್ಸಿನವರಿಗೆ ಟಾಟಾ ಮಾಡಿಸುತ್ತಾರೆ. ಮಗಳು ಅಂಬೆಗಾಲಿಡುತ್ತಿದ್ದಾಗ ಅವಳಿಗೆ ತಂದ ಬೂಟು ಶಾಲೆಗೆ ಸೇರಿದ ಮೇಲೆ ಕಾಲಿಗೆ ಹಿಡಿಯಿತು. ಅದೂ ಹತ್ತಿ ತುರುಕಿ. ಕೇಳಿದರೆ ಒಂದೇ ಉತ್ತರ: "ಎಳೆದಾಗ ಕಿತ್ಹೋಗ್ಬಾರ್ದು ಕಣೇ."

ಈ ಚಾಳಿ ಎಲ್ಲಿಂದ ಅಂಟಿತು ಅಂತ ನನಗೆ ಗೊತ್ತಾದದ್ದು ಕಾರ್ಖಾನೆಯವರ ಕೋಟು ಹೊಲಿಯುವ ಕೆಲಸ ನನಗೆ ಸಿಕ್ಕಮೇಲೆ. ಗಂಟು ಹೊತ್ತು ಒಳಗೆ ಹೋಗಿ ಬರುತ್ತ ನಮ್ಮನೆಯವರು ನಡೆಸುವ ಲೈನ್ ಮುಂದೆ ನಿಂತು ನೋಡುತ್ತಿದ್ದೆ. ಒಂದು ಕಡೆ ಸಾಲಾಗಿ ರೀಲುಗಳು, ನನ್ನ ದಾರದ ರೀಲುಗಳ ಹಾಗೆಯೇ, ಗಾತ್ರ ಮಾತ್ರ ದೊಡ್ಡದು. ದಾರದ ಬದಲು ಅದರಲ್ಲಿರುವುದು ಗಾಜಿನ ಎಳೆ. ತಲೆಗೂದಲಿನಷ್ಟು ಸಣ್ಣದು, ಒಂದೊಂದಕ್ಕೆ ಒಂದೊಂದು ಬಣ್ಣ: ನೀಲಿ, ಕಿತ್ತಳೆ, ಹಸಿರು, ಕಂದು, ಹೀಗೆ. ಎಳೆಗಳೆಲ್ಲ ಒಟ್ಟಿಗೆ ಓಡಿಬಂದು ಯಂತ್ರದ ಬಾಯಿಗೆ ಬಿದ್ದರೆ, ಬಿಸಿ ಪ್ಲಾಸ್ಟಿಕ್ಕು ಅವುಗಳ ಸುತ್ತ ಕೊಳವೆಯಾಗಿ ಕೂತು, ನೀರಿನ ತೊಟ್ಟಿಯಲ್ಲಿ ಈಜಿ, ಗಟ್ಟಿಯಾಗಿ ಆಚೆ ಬರುತ್ತದೆ. ಇಂಥ ಕೊಳವೆಗಳನ್ನು ಹೆಣೆದು ಮೇಲೆ ಕಪ್ಪು ಹೊದಿಕೆ ಹಾಕಿದರೆ ಕೇಬಲ್ಲು. ಬೆಳಕು ಆ ಗಾಜಿನೊಳಗೇ ಓಡಿಕೊಂಡು ಊರಿಂದೂರಿಗೆ ಮಾತು ಮುಟ್ಟಿಸುತ್ತದೆ.

ಗುಟ್ಟಿರುವುದು ಕೊಳವೆಯೊಳಗೆ. ಕೇಬಲ್ಲನ್ನು ಎಳೆದರೆ ಪ್ಲಾಸ್ಟಿಕ್ಕು ಒಂಚೂರು ಹಿಗ್ಗುತ್ತದೆ, ಗಾಜಿಗೆ ಹಿಗ್ಗಲು ಬರುವುದಿಲ್ಲ. ಅದಕ್ಕೇ ಕೊಳವೆಗಿಂತ ಎಳೆಯನ್ನು ಒಂದು ಕೂದಲು ಉದ್ದ ಇಡುತ್ತಾರೆ. ಅದು ಒಳಗೆ ಸಡಿಲವಾಗಿ, ಆರಾಮವಾಗಿ ಮಲಗಿರಬೇಕು. ರೀಲುಗಳ ಬ್ರೇಕು ಬಿಟ್ಟರೆ ಎಳೆ ಹೆಚ್ಚು ಹೋಗುತ್ತದೆ, ಹಿಡಿದರೆ ಕಡಿಮೆ. ಆ ಬ್ರೇಕಿನ ಗುಂಡಿ ಇವರ ಕೈಯಲ್ಲಿ. ದಪ್ಪ ಕೊಳವೆಗಳ ಕಾಲದಲ್ಲಿ ಕಾಗದದಲ್ಲಿ ಹೇಳಿದ್ದಕ್ಕಿಂತ ಒಂಚೂರು ಹೆಚ್ಚೇ ಬಿಡುತ್ತಿದ್ದರು, ಅದು ನಡೆಯುತ್ತಲೂ ಇತ್ತು. ಕಾರ್ಖಾನೆಯವರು ಅವರಿಗೆ ಸಡಿಲಣ್ಣ ಅಂತ ಹೆಸರಿಟ್ಟರು. ಅದನ್ನು ಕೇಳಿದ ದಿನ ನಾನು ಬಿದ್ದು ಬಿದ್ದು ನಕ್ಕೆ.

ಆ ಅತಿ ದೊಡ್ಡ ಬೂಟಿನ ಹುಡುಗಿ ಓದಿ, ಕೇಬಲ್ ಡಿಸೈನ್ ಮಾಡುವವಳಾಗಿ ಅದೇ ಕಾರ್ಖಾನೆಗೆ ಸೇರಿದಳು. ಒಳಗೆ ಹೋದರೆ ಇವರು ಮಗಳಿಗೆ "ಮೇಡಂ" ಅನ್ನಬೇಕು, ಅವಳು ಇವರಿಗೆ "ಆಪರೇಟರ್ ಅವರೇ" ಅನ್ನಬೇಕು. ಗೇಟು ದಾಟಿದ ಕೂಡಲೆ "ಅಪ್ಪ, ಸ್ಕೂಟರ್ ಕೀ ಎಲ್ಲಿ?" ಇಬ್ಬರಿಗೂ ಈ ಆಟ ಎಷ್ಟು ಇಷ್ಟವಾಯಿತೆಂದರೆ ಮನೆಯಲ್ಲೂ ಒಮ್ಮೊಮ್ಮೆ "ಮೇಡಂ, ಸ್ವಲ್ಪ ಉಪ್ಪು" ಅಂತ ಶುರುಮಾಡಿಕೊಳ್ಳುತ್ತಿದ್ದರು.

ಅವಳಿಗೆ ಮೊದಲ ಬಾರಿಗೆ ಸ್ವಂತವಾಗಿ ಒಂದು ಕೇಬಲ್ ಡಿಸೈನ್ ಮಾಡಲು ಕೊಟ್ಟರು. ಹಳೆಯ ಗಲ್ಲಿಗಳ ನೆಲದಡಿಯ ಪೈಪುಗಳು ಹಳೆಯ ಕೇಬಲ್ಲುಗಳಿಂದಲೇ ತುಂಬಿ ತುಳುಕುತ್ತಿರುತ್ತವೆ. ಅದರ ಸಂದಿಯಲ್ಲಿ ನುಸುಳುವಂಥ, ಪೆನ್ಸಿಲ್ ದಪ್ಪದ ಕೇಬಲ್ ಬೇಕಾಗಿತ್ತು. ಎಳೆಗಳ ಸಂಖ್ಯೆ ಮೊದಲಿನಷ್ಟೇ, ಕೊಳವೆ ಮಾತ್ರ ಸಣ್ಣದು. ಊಟದ ತಟ್ಟೆ ಪಕ್ಕದಲ್ಲೂ ಲೆಕ್ಕದ ಹಾಳೆ ಇಟ್ಟುಕೊಂಡು ಅವಳು ಅದನ್ನು ತಿದ್ದಿದ್ದೇ ತಿದ್ದಿದ್ದು. ಮ್ಯಾನೇಜರು, ಒಳ್ಳೆಯ ಮನುಷ್ಯ ಆದರೆ ಮಾತು ಕಡ್ಡಿ ಮುರಿದ ಹಾಗೆ, ಮೊದಲೇ ಹೇಳಿಬಿಟ್ಟಿದ್ದರು: ಪರೀಕ್ಷೆಯಲ್ಲಿ ಪಾಸಾದರೆ ಅವಳ ಕೇಬಲ್ಲು ಲೈನಿಗೆ, ಇಲ್ಲವಾದರೆ ಡಿಸೈನ್ ಬೀರುವಿಗೆ, ಅವಳು ಮತ್ತೆ ಬೇರೆಯವರ ಡ್ರಾಯಿಂಗ್ ತಿದ್ದುವ ಕೆಲಸಕ್ಕೆ.

ಆ ಕೇಬಲ್ಲಿನ ಕೊಳವೆ ಹೊಯ್ದದ್ದು ನಮ್ಮನೆಯವರು. ಎಳೆತದ ಪರೀಕ್ಷೆ ಆದ ದಿನ ಮನೆಗೆ ಬಂದವರ ಗತ್ತು ಹೇಳತೀರದು. "ಎಷ್ಟು ಎಳೆದ್ರೂ ಜಪ್ಪಯ್ಯ ಅನ್ಲಿಲ್ಲ ಕಣೇ ನಿನ್ನ ಮಗಳ ಕೇಬಲ್ಲು" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಆಮೇಲೆ ಅದನ್ನು ಶೀತದ ಕೋಣೆಯಲ್ಲಿಟ್ಟರು. ಅಲ್ಲಿ ಹಿಮ ಕಟ್ಟುವ ಚಳಿ. ಅಲ್ಲಿ ಕೇಬಲ್ಲಿನ ಬೆಳಕು ಮಂಕಾಯಿತು. ಫೇಲು.

ಮಗಳು ಅಳುವ ಜಾತಿಯಲ್ಲ, ಮುದುಡಿಕೊಳ್ಳುವ ಜಾತಿ. ತುತ್ತು ಬಾಯಿಗಿಟ್ಟು ಅಗಿಯುವುದನ್ನೇ ಮರೆಯುತ್ತಿದ್ದಳು. ಅವಳ ಮುಖ ನೋಡಲಾಗದೆ ನಾನು ಸುಮ್ಮಸುಮ್ಮನೆ ಮೆಷಿನ್ನಿಗೆ ಎಣ್ಣೆ ಹಾಕುತ್ತಿದ್ದೆ.

ರಜೆಯ ದಿನ ಬೆಳಗ್ಗೆ ನನ್ನ ಹೊಲಿಗೆಯ ಕೋಣೆಗೆ ಕೊಳವೆಯ ಒಂದು ತುಂಡು ಹಿಡಿದುಕೊಂಡು ಬಂದಳು. ನನ್ನ ಕತ್ತರಿಸುವ ಮೇಜಿನಷ್ಟೇ ಉದ್ದ ಇತ್ತು. "ಅಮ್ಮ, ಮೇಜು ಸ್ವಲ್ಪ ಬೇಕು, ಟೇಪೂ ಬೇಕು" ಅಂದಳು. ಕೊಳವೆಯನ್ನು ಮೇಜಿಗೆ ಅಂಟಿಸಿ ಅಳೆದು, ಆಮೇಲೆ ಅದನ್ನು ಉದ್ದಕ್ಕೆ ಸೀಳಿ, ನೀಲಿ ಎಳೆಯನ್ನು ಬಿಡಿಸಿ, ಕೊಳವೆಯೊಳಗೆ ತುಂಬಿರುವ ಲೋಳೆಯನ್ನು ಒರೆಸಿ, ಪಕ್ಕದಲ್ಲೇ ನೀಟಾಗಿ ಎಳೆದು ಮಲಗಿಸಿದಳು. ಇವರು ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದರು.

"ನನ್ನ ಲೆಕ್ಕದಲ್ಲಿ ಎಳೆ ಇಷ್ಟು ಹೆಚ್ಚಿರ್ಬೇಕಿತ್ತು" ಅಂತ ನನ್ನ ಸೀಮೆಸುಣ್ಣದಿಂದ ಮೇಜಿನ ಮೇಲೆ, ಕೊಳವೆಯ ತುದಿಗೆ ಸರಿಯಾಗಿ, ಒಂದು ಗೆರೆ ಎಳೆದಳು. ಹೆಚ್ಚಿಗೆ ಇರಬೇಕಾದದ್ದು ಆ ಗೆರೆಯ ದಪ್ಪದಷ್ಟು. ಆದರೆ ನೀಲಿ ಎಳೆ ಗೆರೆ ದಾಟಿ ಒಂದು ಅಂಗಿ ಗುಂಡಿಯಷ್ಟು ಆಚೆಗೆ ಚಾಚಿಕೊಂಡಿತ್ತು. "ಇಷ್ಟೊಂದು ಇದ್ರೆ ಸಣ್ಣ ಕೊಳವೇಲಿ ಜಾಗ ಎಲ್ಲಿ? ಚಳಿಗೆ ಪ್ಲಾಸ್ಟಿಕ್ ಕುಗ್ಗಿದಾಗ ಎಳೆ ಒಳಗೇ ಮಡಚ್ಕೊಂಡಿದೆ. ಮಡಚಿದ ಕಡೆ ಬೆಳಕು ಸೋರಿದೆ. ಎಲ್ಲಿ ತಪ್ಪಿದೆ ಅಂತ ಲೆಕ್ಕ ಎಷ್ಟು ಸಲ ಮಾಡಿದ್ರೂ ಗೊತ್ತಾಗ್ತಿಲ್ಲ."

ಬಾಗಿಲಲ್ಲಿದ್ದವರು ಲೋಟ ಕೆಳಗಿಟ್ಟರು.

"ತಪ್ಪಿದ್ದು ಲೆಕ್ಕ ಅಲ್ಲಮ್ಮ" ಅಂದರು. "ನನ್ನ ಕೈ."

ಸರಿಯಿದೆಯೇ ಅಂತ ನೋಡಲು ಮೊದಲಿಗೆ ಕತ್ತರಿಸಿ ಅಳೆಯುವ ತುಂಡಿಗೆ ಗುಂಡಿಯನ್ನು ಅವಳು ಬರೆದಷ್ಟೇ ಇಟ್ಟಿದ್ದರಂತೆ. ಲೈನು ಓಡಲು ಶುರುವಾದ ಮೇಲೆ ಇವರಿಗೆ ಜೀವ ತಡೆಯಲಿಲ್ಲ. ಮಗಳ ಕೇಬಲ್ಲು, ಎಳೆದಾಗ ಎಳೆ ತುಂಡಾಗಿಬಿಟ್ಟರೆ? ಬ್ರೇಕಿನ ಗುಂಡಿಯನ್ನು ಒಂದಿಷ್ಟು ಬಿಟ್ಟರು. ಇನ್ನೂ ಹೆದರಿಕೆಯಾಯಿತು, ಇನ್ನೊಂದಿಷ್ಟು ಬಿಟ್ಟರು. ಬೇರೆ ಯಾರದೇ ಕೇಬಲ್ಲಾಗಿದ್ದರೂ ಅಷ್ಟು ಬಿಡುತ್ತಿರಲಿಲ್ಲ.

ಮಗಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. "ಅಪ್ಪ, ನನ್ನ ಲೆಕ್ಕದ ಮೇಲೆ ನಿಂಗೆ ನಂಬಿಕೆ ಇರ್ಲಿಲ್ವಾ?" ಅಂತ ಮೆಲ್ಲಗೆ ಕೇಳಿದಳು. ಕೂಗಾಡಿದ್ದರೆ ಇವರಿಗೆ ಎಷ್ಟೋ ಸುಲಭವಾಗುತ್ತಿತ್ತು. ತಲೆ ತಗ್ಗಿಸಿ ನಿಂತವರನ್ನು ನೋಡಿ ನನಗೆ ಪಾಪ ಅಂತಲೂ ಅನ್ನಿಸಿತು, ಸಿಟ್ಟೂ ಬಂತು.

"ಅವ್ಳಿಗೆ ಹೇಳಿದ್ದು ಸಾಲ್ದು ರೀ" ಅಂದೆ. "ಮ್ಯಾನೇಜರಿಗೂ ಹೇಳಿ."

ಹೇಳಿದರು. ಮಾರನೆಯ ದಿನ ಲೈನಿನವರೆಲ್ಲ ಸೇರಿದ್ದಾಗಲೇ, ಎಲ್ಲರ ಎದುರಿಗೆ ಹೇಳಿದರು. ಮ್ಯಾನೇಜರು ಗುಡುಗಿದರು. ಆಮೇಲೆ ಮೇಡಂ ಅವರ ಕೇಬಲ್ಲಿಗೆ ಇನ್ನೊಂದು ಅವಕಾಶ ಕೊಟ್ಟರು, ಇನ್ನೊಂದೇ ಒಂದು. ಲೈನು ನಡೆಸಲು ಬೇರೆ ಯಾರನ್ನು ಹಾಕಲಿ ಅಂತ ಕೇಳಿದಾಗ ಮಗಳು ಥಟ್ಟನೆ, "ಬೇಡ ಸಾರ್, ಅವರೇ ನಡೆಸ್ಲಿ" ಅಂದಳಂತೆ. ಇದನ್ನು ನಮ್ಮನೆಯವರು ನನಗೆ ಎರಡೆರಡು ಸಲ ಹೇಳಿದರು. ಮ್ಯಾನೇಜರು ಕೊನೆಗೆ, "ಸಡಿಲಣ್ಣ, ಗುಂಡಿ ಒಂದ್ಸಲ ಇಟ್ಟಾದ್ಮೇಲೆ ಕೈ ಜೇಬಲ್ಲಿರ್ಲಿ" ಅಂದರಂತೆ.

ಅಂದು ಸಂಜೆ ನನ್ನ ಮೇಜಿನ ಮುಂದೆ ಬಂದು ಎರಡೂ ಕೈ ಅಗಲಿಸಿ ನಿಂತರು. "ನಂಗೊಂದು ಅಂಗಿ ಹೊಲಿ. ಅಳತೆಗೆ ಸರಿಯಾಗಿ."

"ಉಸಿರು ಬಿಟ್ಟೋ, ಹಿಡ್ಕೊಂಡೋ?"

"ಬಿಟ್ಟೇ. ಅಳತೆ ಹೇಳಿದ ಹಾಗೆ ಇರೋದು ಹೇಗಿರುತ್ತೆ ಅಂತ ನಾನೂ ಒಂದ್ಸಲ ನೋಡ್ತೀನಿ."

ಇಷ್ಟು ವರ್ಷ ಕಾದಿದ್ದೆ ಈ ಮಾತಿಗೆ. ಎಲ್ಲ ಗಿರಾಕಿಗಳನ್ನೂ ಪಕ್ಕಕ್ಕೆ ತಳ್ಳಿ ಆ ಅಂಗಿ ಹೊಲಿದೆ. ಹೆಗಲಿಗೆ ಹೆಗಲು, ತೋಳಿಗೆ ತೋಳು. ತೊಟ್ಟು ಕನ್ನಡಿ ಮುಂದೆ ನಿಂತಾಗ ನನ್ನ ಗಂಡ ಇಷ್ಟು ಲಕ್ಷಣವಾಗಿದ್ದಾರೆಂದು ನನಗೇ ಮರೆತುಹೋಗಿತ್ತಲ್ಲ ಅನ್ನಿಸಿತು. "ಚೆನ್ನಾಗಿದೆ, ಆದ್ರೆ ಕೆಮ್ಮೋಕೆ ಭಯ" ಅಂದರು.

ಕೊಳವೆ ಹೊಯ್ಯುವ ದಿನ ಗುಂಡಿಯನ್ನು ಮಗಳು ಬರೆದ ಗುರುತಿಗೆ ಇಟ್ಟು, ಎರಡೂ ಕೈ ಜೇಬಿಗೆ ಹಾಕಿ ನಿಂತವರು ಲೈನು ನಿಲ್ಲುವವರೆಗೆ ತೆಗೆಯಲಿಲ್ಲವಂತೆ. ಮೂಗು ತುರಿಸಿದಾಗ ಪಕ್ಕದವನನ್ನು ಕರೆದು ಕೆರೆಸಿಕೊಂಡರು ಅಂತ ಲೈನಿನವರು ಹೇಳುತ್ತಾರೆ. ಇದು ಎಷ್ಟು ನಿಜವೋ ನನಗೆ ಗೊತ್ತಿಲ್ಲ, ನಂಬಲು ಮಾತ್ರ ಚೆನ್ನಾಗಿದೆ.

ಈ ಸಲ ಶೀತದ ಪರೀಕ್ಷೆಯನ್ನೇ ಮೊದಲು ಮಾಡಿದರು. ಪಾಸು. ಉಳಿದದ್ದು ಎಳೆತ, ಇವರು ಹೆದರಿದ್ದ ಎಳೆತ.

ಅಂದು ನಾನು ಬೇಕೆಂತಲೇ ಕೋಟಿನ ಗಂಟು ಹೊತ್ತು ಅದೇ ಹೊತ್ತಿಗೆ ಹೋದೆ. ಉದ್ದನೆಯ ಶೆಡ್ಡು. ಈ ತುದಿಯಿಂದ ಆ ತುದಿಗೆ ಕಪ್ಪು ಕೇಬಲ್ಲು, ಪೆನ್ಸಿಲ್ ದಪ್ಪದ್ದು. ಯಂತ್ರ ಎಳೆಯಲು ಶುರುಮಾಡಿತು. ಕೇಬಲ್ಲು ಮೇಲೆದ್ದು ನೆಟ್ಟಗಾಯಿತು, ಬಿಗಿಯಾಯಿತು, ಸಣ್ಣಗೆ ಗುಂಯ್‌ಗುಟ್ಟಿತು. ಮಗಳು ಪರದೆಯ ಮುಂದೆ ಕೂತು ಒಳಗಿನ ಬೆಳಕಿನ ಗೆರೆಯನ್ನು ನೋಡುತ್ತಿದ್ದಳು. ಇವರು ಹೊಸ ಅಂಗಿಯಲ್ಲಿ, ಕೈ ಜೇಬಲ್ಲಿಟ್ಟು, ಕಣ್ಣು ಮುಚ್ಚಿ ನಿಂತಿದ್ದರು. ಯಂತ್ರ ಇನ್ನೂ ಎಳೆಯಿತು. ನನ್ನ ತಲೆಯ ಮೇಲಿನ ಗಂಟನ್ನು ಇಳಿಸಬೇಕೆನ್ನುವುದೂ ನನಗೆ ಹೊಳೆಯಲಿಲ್ಲ.

ಯಂತ್ರ ನಿಂತಿತು. ಮಗಳು ಪರದೆಯನ್ನು ಇನ್ನೊಮ್ಮೆ ನೋಡಿ ಕುರ್ಚಿ ತಿರುಗಿಸಿದಳು.

"ಬೆಳಕು ಒಂಚೂರೂ ಕದಲಿಲ್ಲ, ಅಪ್ಪ."

ಕಾರ್ಖಾನೆಯೊಳಗೆ ಅಪ್ಪ ಅಂದದ್ದು ಅದೇ ಮೊದಲು. ಇವರು ಜೇಬಿನಿಂದ ಎರಡೂ ಕೈ ತೆಗೆದು ಮೇಲಕ್ಕೆತ್ತಿದರು. ಕಂಕುಳಿಂದ ಸೊಂಟದವರೆಗೆ ಅಂಗಿ ಚರ್ರೆಂದು ಬಿಟ್ಟುಕೊಂಡಿತು.

ಮಗಳು ಎದ್ದು ಬಂದು, ಹರಿದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ನನ್ನ ಕಡೆ ತಿರುಗಿದಳು. "ಅಮ್ಮ, ನಿನ್ನ ಡಿಸೈನ್ ಎಳೆತದಲ್ಲಿ ಫೇಲು."

ಮ್ಯಾನೇಜರು ಕೂಡ ಗೋಡೆ ಹಿಡಿದುಕೊಂಡು ನಕ್ಕರು. ನನ್ನ ಹೊಲಿಗೆ ಊರೆದುರು ಬಿಟ್ಟುಹೋದದ್ದು ಅದೇ ಮೊದಲು, ನನಗೆ ಮಾತ್ರ ಖುಷಿ ತಡೆಯಲಾಗಲಿಲ್ಲ.

ಮನೆಗೆ ಬಂದು ಅಂಗಿಯನ್ನು ಒಳಮೈ ಮಾಡಿ ಮೇಜಿನ ಮೇಲೆ ಹರಡಿದೆ. ಹೊಲಿಗೆಯ ಒಳಗೆ ಮಡಿಸಿಟ್ಟ ಬಟ್ಟೆಯನ್ನು ಬಿಡಿಸುತ್ತಿದ್ದಾಗ ಇವರು ಬಗ್ಗಿ ನೋಡಿದರು.

"ಇಷ್ಟೊಂದು ಬಟ್ಟೆ ಒಳಗೆ ಬಿಟ್ಟಿದ್ದೀಯ? ಅಳತೆಗೆ ಸರಿಯಾಗಿ ಅಂದಿದ್ನಲ್ಲ."

"ಹೊರಗಡೆ ಅಳತೆಗೆ ಸರಿಯಾಗೇ ಇತ್ತಲ್ಲ. ನಿಮಗೆ ಹೊಟ್ಟೆ ಬಂದ್ರೆ ಬೇಕಾಗುತ್ತೆ, ಇರ್ಲಿ ಅಂತ" ಅಂದೆ.

ಮಗಳು ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಏನನ್ನಿಸಿತೋ, ಒಳಗೆ ಹೋಗಿ ಪೆಟ್ಟಿಗೆ ತೆರೆದು ಆ ಮೊದಲನೆಯ ಅಂಗಿ ತಂದು ಒಳಮೈ ಮಾಡಿದಳು. ಪಕ್ಕದ ಹೊಲಿಗೆಗಳ ಒಳಗೆ, ಎರಡೂ ಕಡೆ, ಮೂರು ಬೆರಳು ಅಗಲದ ಬಟ್ಟೆ ಮಡಿಸಿ ಕೂತಿತ್ತು. ಅಷ್ಟು ಬಟ್ಟೆ ನಮ್ಮಪ್ಪ ಯಾವ ಗಿರಾಕಿಗೂ ಬಿಡಲು ಕೊಡುತ್ತಿರಲಿಲ್ಲ, ನಾನು ಅಪ್ಪನ ಕಣ್ಣು ತಪ್ಪಿಸಿ ಬಿಟ್ಟಿದ್ದೆ.

ನಮ್ಮನೆಯವರು ಆ ಮಡಿಕೆಯ ಮೇಲೆ ಬೆರಳಾಡಿಸಿದರು. "ಬಿಚ್ಚಿ ಹೊಲಿ ಅಂದಿದ್ರೆ ಸಾಕಿತ್ತು. ಸಡಿಲ ಆಗ್ತಿತ್ತು" ಅಂದರು. "ಆವಾಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮತ್ತೆ ಬರ್ತಿದ್ರಾ?" ಅಂದೆ, ಸೂಜಿಗೆ ದಾರ ಪೋಣಿಸುತ್ತ.