ಸಂಗಮದ ಮಂಜಿನಲ್ಲಿ ತೆಪ್ಪ

ಬಿಡದಿಯ ಕಾರ್ಖಾನೆಯಲ್ಲಿ ನನಗೂ ಸಿದ್ದನಿಗೂ ಒಂದೇ ದಿನ ರಜೆ ಸಿಕ್ಕಿತು. ಧನುರ್ಮಾಸದ ಚಳಿಯಲ್ಲಿ ಕನಕಪುರದಿಂದ ಮೊದಲ ಬಸ್ಸು ಹತ್ತಿ ಸಂಗಮಕ್ಕೆ ಹೊರಟೆವು. ದಾರಿಯುದ್ದಕ್ಕೂ ಸೂಪರ್‌ವೈಸರ್, ಕಂಡಕ್ಟರ್, ಸಿದ್ದನ ಮಾವ, ಎಲ್ಲರ ದನಿಯನ್ನೂ ಅಣಕಿಸಿದೆ. ಕಂಡಕ್ಟರ್ ಒಬ್ಬನೇ ನಗಲಿಲ್ಲ.

ಸಂಗಮದಲ್ಲಿ ಕಾವೇರಿ ಕೇಳಿಸಿತು, ಕಾಣಲಿಲ್ಲ. ಮಂಜಿನಲ್ಲಿ ಸಿದ್ದನ ಹೊಟ್ಟೆಯೇ ಕಾಣುತ್ತಿರಲಿಲ್ಲ, ಅದೇನು ಸಣ್ಣದಲ್ಲ. ಬಿಸಿಲೇರಲಿ ಎಂದ ತೆಪ್ಪದ ಮಾದಣ್ಣನನ್ನು, ನೀರುನಾಯಿ ನೋಡಬೇಕೆಂದು ಕಾಡಿಸಿ ಒಪ್ಪಿಸಿದೆವು. ಅವನ ಭಾವ ಕೆಂಪಣ್ಣ ದಡದಲ್ಲಿ ‘ಓಹೋಯ್’ ಎಂದು ಕೂಗುತ್ತಿರುತ್ತಾನೆ. ಆ ದನಿ ಹಿಡಿದು ಮರಳಬೇಕು ಎಂದು ಮಾತಾಯಿತು.

ನಡುನೀರಿನಲ್ಲಿ ನೀರುನಾಯಿಗಳು ತಲೆಯೆತ್ತಿ, ಸೀಟಿ ಹೊಡೆದು ಮುಳುಗಿದವು. ಆಮೇಲೆ ಬಂಡೆಯೆಂದುಕೊಂಡದ್ದು ಕಣ್ಣು ಬಿಟ್ಟಿತು. ಮೊಸಳೆ. ಸದ್ದಿಲ್ಲದೆ ನೀರಿಗೆ ಜಾರಿತು. ಅದಕ್ಕೂ ನನಗೂ ನಡುವೆ ಒಂದು ಪದರ ಬಿದಿರು ಅಷ್ಟೇ.

ಹೆದರಿಕೆ ಮುಚ್ಚಿಕೊಳ್ಳಲು ಕೆಂಪಣ್ಣನ ದನಿಯಲ್ಲೇ ‘ಓಹೋಯ್’ ಎಂದೆ. ದಡದ ಕೂಗು ನಿಂತಿತು. ಬಳಿಕ ನಡುಗುವ ಕೂಗು ಬಂತು: “ನಾಳೆ ಬಾ.”

ಗುರುತಿನವರ ದನಿಯಲ್ಲಿ ಕರೆಯುವ ದೆವ್ವಕ್ಕೆಂದು ಊರ ಬಾಗಿಲುಗಳ ಮೇಲೆ ಬರೆದಿರುತ್ತಾರಲ್ಲ, ಅದೇ ಮಾತು. ಮಾದಣ್ಣ ತಾನೇ ಕೂಗಿ ಹೆಸರು ಹೇಳಿದ. ಅದಕ್ಕೂ ‘ನಾಳೆ ಬಾ’ ಎಂದ ಕೆಂಪಣ್ಣ, ಆಮೇಲೆ ಉಸಿರೆತ್ತಲಿಲ್ಲ.

ತೆಪ್ಪ ಗಿರಗಿರ ತಿರುಗತೊಡಗಿತು. ದಡ ಯಾವ ಕಡೆಯೋ ತಿಳಿಯಲಿಲ್ಲ.

“ಕೆಳಿಕ್ಕೆ ಮೇಕೆದಾಟು ಐತೆ,” ಎಂದ ಮಾದಣ್ಣ. “ಆ ಬಂಡೆ ಸಂದಿಗೆ ಬಿದ್ರೆ ಮೂಳೇನೂ ಸಿಗಾಕಿಲ್ಲ. ಗುರ್ತಿನ ದನಿಗೆಲ್ಲ ಅವ್ನು ಹೆದರ್ತಾವ್ನೆ. ನಿಂದು ಅವ್ನಿಗೆ ಗೊತ್ತಿಲ್ಲ. ನಿಂದೇ ದನೀಲಿ ಕೂಗು ಕಣ್ಲಾ.”

ಬಾಯಿ ತೆರೆದೆ. ಸೂಪರ್‌ವೈಸರ್‌ನ ದನಿಯೇ ಬಂತು. ಸಿದ್ದ ತೊಡೆ ಚಿವುಟಿದ. ಮತ್ತೆ ತೆರೆದಾಗ ಆಡಿನ ಮರಿಯಂಥ ಒಂದು ದನಿ ಹೊರಟಿತು: “ಅಣ್ಣಾ, ಅಕ್ಕೂರಿನ ಪುಟ್ಟಮ್ಮನ ಮಗ ಕಣಣ್ಣಾ. ಭಯ ಆಯ್ತೈತೆ.”

ದಡದಿಂದ ಉತ್ತರ ಬಂತು. “ಯಾವ ಪುಟ್ಟಮ್ಮ? ಗೊತ್ತಿಲ್ವಲ್ಲ.”

ಮಾದಣ್ಣ ಆ ಕಡೆಗೆ ಹುಟ್ಟು ಹಾಕಿದ. ನಾನು ಅಪ್ಪನ ಹೆಸರು ಹೇಳಿದೆ, ಗೊತ್ತಿಲ್ಲ ಎಂದ. ಅತ್ತೆಯ ಊರು ಹೇಳಿದೆ, ಗೊತ್ತಿಲ್ಲ. ಚಿಕ್ಕಪ್ಪನ ರೇಷ್ಮೆಹುಳು, ತಂಗಿಯ ಮದುವೆ, ಯಾವುದೂ ಗೊತ್ತಿಲ್ಲ. ಒಂದೊಂದು ‘ಗೊತ್ತಿಲ್ಲ’ವೂ ಹಿಂದಿನದಕ್ಕಿಂತ ಹತ್ತಿರದಿಂದ ಬರುತ್ತಿತ್ತು. ನಮ್ಮ ಗಬ್ಬದ ಹಸುವಿನ ಸಂಕಟಕ್ಕೆ ಬರುವಷ್ಟರಲ್ಲಿ ತೆಪ್ಪದ ತಳ ಮರಳಿಗೆ ಕೆರೆಯಿತು.

ಇಳಿದು ಹಿಂತಿರುಗಿ ನೋಡಿದೆ. ನದಿಯಿರಲಿಲ್ಲ, ಬಿಳುಪು ಮತ್ತು ಸದ್ದು ಅಷ್ಟೇ.

ಕೆಂಪಣ್ಣ ಹತ್ತಿರ ಬಂದು ನನ್ನ ಪಾದಗಳನ್ನು ನೋಡಿ, ಮುಖ ನೋಡಿ, ಮೆಲ್ಲಗೆ ಕೇಳಿದ: “ಆಮ್ಯಾಕೆ? ಹಸ ಈಯ್ತಾ?”